ಹನೋಯ್ ಕಾಫಿ: ನೀಲಿ ನೋಟನ್ನು ಎರಡು ಸಲ ನೋಡಿ ಕೊಡಿ

ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ನಾನು ಕುಡಿದ ಅತಿ ದುಬಾರಿ ಕಾಫಿಯೇ ಅತಿ ಕೆಟ್ಟ ಕಾಫಿ. ಮನೆಗಳಿಗೆ ಅಂಟಿಕೊಂಡಂತೆ ರೈಲು ಹೋಗುವ ಬೀದಿ ಇದೆಯಲ್ಲ, ಎಲ್ಲರ ಫೋಟೊದಲ್ಲೂ ಇರುತ್ತದೆ, ಕುಡಿದದ್ದು ಅಲ್ಲೇ. ಪೊಲೀಸರು ಆ ಬೀದಿಯ ಕೆಫೆಗಳನ್ನು 2019ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಮುಚ್ಚಿಸಿದ್ದರು. ನಾವು ಹೋದಾಗ ತಡೆಗೋಲಿನ ಹತ್ತಿರ ಕೆಫೆಯವರೇ ಕಾದಿದ್ದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. 'ಇನ್ನು ಹತ್ತೇ ನಿಮಿಷ, ರೈಲು ಬರುತ್ತೆ' ಅಂದರು. ಬಂದಿದ್ದು ಒಂದೂವರೆ ಗಂಟೆ ಬಿಟ್ಟು. ಅಷ್ಟರಲ್ಲಿ ಎರಡು ಕಾಫಿ ಕುಡಿಯಲೇಬೇಕಾಯಿತು. ಬಿಸಿನೀರಿಗೆ ಪೊಟ್ಟಣದ ಪುಡಿ ಸುರಿದು ಕಲಸಿದ್ದು ಕಣ್ಣೆದುರೇ ಕಂಡಿತು.

ಬಿಲ್ಲು 1,20,000 ಡಾಂಗ್, ಡಾಂಗ್ ಅಂದರೆ ಅಲ್ಲಿನ ದುಡ್ಡು. ಒಂದು ಲಕ್ಷದ ಹಸಿರು ನೋಟು, ಜೊತೆಗೆ ಇಪ್ಪತ್ತು ಸಾವಿರದ ನೀಲಿ ನೋಟು ಕೊಟ್ಟು ಎದ್ದೆವು. ರೂಮಿಗೆ ಬಂದು ಪರ್ಸ್ ನೋಡಿದಾಗ ಗೊತ್ತಾಯಿತು, ಕೊಟ್ಟಿದ್ದು ಐದು ಲಕ್ಷದ ನೋಟು. ಅದೂ ನೀಲಿ, ಇದೂ ನೀಲಿ. ಎರಡರ ಮೇಲೂ ಹೋ ಚಿ ಮಿನ್ ಮುಖ. ಸಂಜೆಗತ್ತಲಲ್ಲಿ ಸೊನ್ನೆ ಎಣಿಸಲಿಲ್ಲ, ತಪ್ಪು ನನ್ನದೇ. ಆದರೆ ತಗೊಂಡವನಿಗೆ ಗೊತ್ತಿರಲಿಲ್ಲ ಅಂತ ನಾನು ನಂಬಲ್ಲ. ಐದು ಲಕ್ಷದ ನೋಟುಗಳನ್ನು ಬೇರೆ ಜೇಬಲ್ಲಿ ಇಡಿ. ನನ್ನ ಹೆಂಡತಿ ಮಾರನೇ ದಿನದಿಂದ ದುಡ್ಡು ತಾನೇ ಇಟ್ಟುಕೊಂಡಳು, ಅದೂ ಒಂದು ದಾರಿ.

ಈಗ ಒಳ್ಳೆ ಸುದ್ದಿ. ಮಾರನೇ ಬೆಳಗ್ಗೆ ಆರೂವರೆಗೆ ಹಳೇ ಪೇಟೆಯ ಒಂದು ಓಣಿಯಲ್ಲಿ ದಾರಿ ತಪ್ಪಿದೆವು. ಬೋರ್ಡೇ ಇಲ್ಲದ ಒಂದು ಬಾಗಿಲು, ಮುಂದೆ ಮೊಣಕಾಲೆತ್ತರವೂ ಇಲ್ಲದ ನೀಲಿ ಪ್ಲಾಸ್ಟಿಕ್ ಸ್ಟೂಲುಗಳು, ಅದರ ಮೇಲೆ ಏಳೆಂಟು ಜನ ಮುದುಕರು. ಒಬ್ಬ ಅಜ್ಜಿ ಗಾಜಿನ ಲೋಟಗಳ ಮೇಲೆ ಸಾಲಾಗಿ ಫಿನ್ ಇಟ್ಟು ಬಿಸಿನೀರು ಹೊಯ್ಯುತ್ತಿದ್ದರು. ಫಿನ್ ಅಂದರೆ ಅಲ್ಲಿನ ಫಿಲ್ಟರ್, ಒಂದೇ ಲೋಟದ ಅಳತೆಯದ್ದು. ಮೊದಲು ಪುಡಿ ನೆನೆಯುವಷ್ಟೇ ನೀರು, ಒಂದು ಕ್ಷಣ ಬಿಟ್ಟು ಉಳಿದದ್ದು. ಆಮೇಲೆ ತೊಟ್ಟು, ತೊಟ್ಟು, ತೊಟ್ಟು. ಐದು ನಿಮಿಷ ಆಗುತ್ತದೆ, ಅವಸರ ಮಾಡಿದರೆ ಯಾರೂ ಕೇಳಲ್ಲ. ಇಳಿದು ಮುಗಿದ ಮೇಲೆ ಮುಚ್ಚಳವನ್ನು ಬೋರಲು ಹಾಕಿ ಫಿನ್ ಅನ್ನು ಅದರ ಮೇಲೆ ಕೂರಿಸಬೇಕು. ನಾನು ಸೀದಾ ನೆಲದ ಮೇಲಿಟ್ಟೆ. ಪಕ್ಕದ ತಾತ ಏನೂ ಮಾತಾಡದೆ ಎತ್ತಿ ಸರಿಯಾಗಿ ಇಟ್ಟರು.

ಅಡಿಯಲ್ಲಿ ಒಂದು ಬೆರಳು ಕಂಡೆನ್ಸ್ಡ್ ಮಿಲ್ಕ್, ಮೇಲೆ ಕಪ್ಪು ಡಿಕಾಕ್ಷನ್. ಕಲಸಿದಾಗ ಬಂದ ಘಮಕ್ಕೆ ಹಿಂದಿನ ಸಂಜೆಯ ಸಿಟ್ಟು ಅರ್ಧ ಇಳಿಯಿತು. ಲೋಟಕ್ಕೆ 20,000 ಡಾಂಗ್. ಈ ಸಲ ಸೊನ್ನೆ ಎಣಿಸಿದೆ. ಉಳಿದ ನಾಲ್ಕು ಬೆಳಗ್ಗೆಯೂ ಅಲ್ಲಿಗೇ ಹೋದೆವು. ಮೂರನೇ ದಿನ ನಾವು ಕೇಳುವ ಮುಂಚೆಯೇ ಅಜ್ಜಿ ಎರಡು ಫಿನ್ ಇಟ್ಟರು. ಬೆನ್ನು ನೋವಿರುವವರಿಗೆ ಆ ಸ್ಟೂಲು ಕಷ್ಟ, ಸಿಗರೇಟು ಹೊಗೆ ಸಿಕ್ಕಾಪಟ್ಟೆ. ನನಗೆ ಎರಡೂ ಪರವಾಗಿಲ್ಲ ಅನಿಸಿತು.

ಸುಮ್ನೆ 'ಕಾಫಿ' ಅಂತ ಕೇಳಬೇಡಿ. ಹನೋಯ್‌ನಲ್ಲಿ 'ಡೆನ್' ಅಂದರೆ ಕಪ್ಪು, 'ನೌ' ಅಂದರೆ ಹಾಲು ಬೆರೆತ ಕಂದು. ಜೊತೆಗೆ 'ನಾಂಗ್' ಸೇರಿಸಿದರೆ ಬಿಸಿ, 'ಡಾ' ಸೇರಿಸಿದರೆ ಐಸು. 'ನೌ ನಾಂಗ್' ಅಂದರೆ ಸಾಕು, ಕೆಲಸ ಆಗುತ್ತದೆ. ಕಾಫಿ ಹೆಚ್ಚಾಗಿ ರೊಬಸ್ಟಾ. ಅರೇಬಿಕಾಗಿಂತ ಕೆಫೀನ್ ಸುಮಾರು ಎರಡು ಪಟ್ಟು. ಸಂಜೆ ಐದಕ್ಕೆ ಎರಡು ಕುಡಿದ ನಾವು ರಾತ್ರಿ ಎರಡಕ್ಕೆ ಕಿಟಕಿಯಿಂದ ಬೀದಿ ಗುಡಿಸುವುದನ್ನು ನೋಡುತ್ತಿದ್ದೆವು.

ಮೊಟ್ಟೆ ಕಾಫಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾಲಿಗೆ ಬರ ಬಂದಿದ್ದ 1946ರಲ್ಲಿ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ಗಿಯಾಂಗ್ ಅನ್ನುವವರು ಹಾಲಿನ ಬದಲು ಮೊಟ್ಟೆಯ ಹಳದಿ ಹಾಕಿ ನೋಡಿದ್ದು. ಅವರ ಹೆಸರಿನ ಕೆಫೆ ನುಯೆನ್ ಹು ಹುಆನ್ ಬೀದಿಯ 39ನೇ ನಂಬರಿನಲ್ಲಿದೆ. ಗಿಯಾಂಗ್ ಅಂತ ಬರೆಯುವುದು ಅಷ್ಟೇ, ಹನೋಯ್‌ನವರ ಬಾಯಲ್ಲಿ ಅದು 'ಜಾಂಗ್'. ಬೈಕ್ ಟ್ಯಾಕ್ಸಿಯವನಿಗೆ ಮೂರು ಸಲ ಹೇಳಿ ಸೋತೆ. ಇಕ್ಕಟ್ಟಾದ ಓಣಿಯೊಳಗೆ ಹೋಗಬೇಕು, ಬೀದಿಯಿಂದ ಒಳಗಿನದು ಕಾಣಲ್ಲ. ಬಿಸಿನೀರಿನ ಬಟ್ಟಲಲ್ಲಿ ಕಾಫಿ ಕಪ್ ಇಟ್ಟು ತರುತ್ತಾರೆ. ತಣ್ಣಗಾದರೆ ಮೊಟ್ಟೆ ವಾಸನೆ ಮುಂದಕ್ಕೆ ಬರುತ್ತದೆ, ಬೇಗ ಮುಗಿಸಿ. ನನಗೆ ಅದು ಕಾಫಿಗಿಂತ ಸಿಹಿತಿಂಡಿ ಅನಿಸಿತು. ಹೆಂಡತಿಗೆ ತುಂಬಾ ಹಿಡಿಸಿತು. ಮೊಟ್ಟೆ ತಿನ್ನದವರಿಗೆ ತೆಂಗಿನ ಹಾಲಿನ ಕಾಫಿ ಬಹಳ ಕಡೆ ಸಿಗುತ್ತದೆ.

ಅದೇ ಬೀದಿಯಲ್ಲಿ ಕೆಫೆ ಲಾಮ್ ಇದೆ. ಕಾಸಿಲ್ಲದ ಕಲಾವಿದರು ಕಾಫಿ ಸಾಲಕ್ಕೆ ಚಿತ್ರ ಕೊಟ್ಟು ಹೋಗುತ್ತಿದ್ದ ಜಾಗ. ಚಿತ್ರಗಳನ್ನು ನೋಡಲಾದರೂ ಒಮ್ಮೆ ಹೋಗಿ. ಹೊಆನ್ ಕಿಯೆಮ್ ಕೆರೆ ಎದುರಿನ ಕೆಫೆ ಡಿನ್‌ಗೆ ಶನಿವಾರ, ಭಾನುವಾರ ಹೋಗಬೇಡಿ. ಕೆರೆ ಸುತ್ತ ವಾಹನ ಬಿಡಲ್ಲ, ಜನಜಾತ್ರೆ. ನಾವು ಮೆಟ್ಟಿಲ ಮೇಲೇ ನಿಂತು ವಾಪಸ್ ಬಂದೆವು.

ಹೊಸ ಹುಡುಗರು ನಡೆಸುವ ಸಣ್ಣ ಕೆಫೆಗಳು ಬೇಕು ಅಂದರೆ ತಲೆ ಎತ್ತಿ ನೋಡಬೇಕು. ಎಷ್ಟೋ ಕೆಫೆಗಳು ಹಳೇ ವಸತಿ ಕಟ್ಟಡಗಳ ಎರಡನೇ, ಮೂರನೇ ಮಹಡಿಯಲ್ಲಿವೆ. ವಿಳಾಸದಲ್ಲಿ 'ಙೊ' ಅಂತಿದ್ದರೆ ಅದು ಓಣಿ, ಮುಖ್ಯ ರಸ್ತೆಯಲ್ಲಿ ಹುಡುಕಿ ಕಾಲು ನೋಯಿಸಿಕೊಳ್ಳಬೇಡಿ. ಒಂದು ಕಡೆ ಬೈಕುಗಳ ಸಂದಿಯಲ್ಲಿ ನುಸುಳಿ, ಒಣಗಲು ಹಾಕಿದ ಬಟ್ಟೆ ಸರಿಸಿ ಹೋದರೆ ಯಾರದೋ ಮನೆ. ಟಿವಿ ನೋಡುತ್ತಿದ್ದ ಅಜ್ಜ ತಿರುಗಿಯೂ ನೋಡದೆ ಮೇಲಕ್ಕೆ ಬೆರಳು ತೋರಿಸಿದರು. ದಿನಾ ಎಷ್ಟು ಜನ ಹೀಗೆ ಬರುತ್ತಾರೋ ಏನೋ. ಮೇಲೆ ಸಿಕ್ಕಿದ್ದು ವಿಯೆಟ್ನಾಂನದೇ ಸೊನ್ ಲಾ ಪ್ರಾಂತ್ಯದ ಅರೇಬಿಕಾ, ಹದವಾಗಿ ಹುರಿದದ್ದು, ಹಾಲು ಬೇಡವೇ ಬೇಡ. ಬೆಲೆ ಅಜ್ಜಿಯ ಕಾಫಿಯ ಮೂರರಷ್ಟು.

ಹಾ ಲಾಂಗ್ ಕೊಲ್ಲಿಗೆ ಹೋದ ಎರಡು ದಿನದ ಬಗ್ಗೆ ಬರೆಯಲ್ಲ, ಹಡಗಿನ ಕಾಫಿ ಕುಡಿಯುವ ಹಾಗಿರಲಿಲ್ಲ. ವಿಮಾನ ನಿಲ್ದಾಣದಿಂದ ಊರೊಳಗೆ ಬರಲು 86ನೇ ನಂಬರಿನ ಕಿತ್ತಳೆ ಬಸ್ಸು ಹಿಡಿಯಿರಿ, ನಾವು ಕೊಟ್ಟಿದ್ದು ತಲೆಗೆ 45,000 ಡಾಂಗ್. ಅವರ ಹೊಸ ವರ್ಷ ಟೆಟ್ ಸಮಯದಲ್ಲಿ ಹೋಗಬೇಡಿ, ಬಹಳ ಅಂಗಡಿ ಮುಚ್ಚಿರುತ್ತವೆ.

ಮನೆಗೆ ತರುವ ಪುಡಿ ವಿಷಯ: ಪುನುಗು ಬೆಕ್ಕಿನ ಕಾಫಿ (ಬೆಕ್ಕು ತಿಂದು ಹೊರಹಾಕಿದ ಬೀಜದ್ದು) ಅಂತ ಹಳೇ ಪೇಟೆಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಅಷ್ಟು ಅಗ್ಗಕ್ಕೆ ನಿಜವಾದದ್ದು ಸಿಗಲ್ಲ, ಬಿಟ್ಟುಬಿಡಿ. ನಾವು ಅರ್ಧ ಕಿಲೊ ರೊಬಸ್ಟಾ, ಎರಡು ಫಿನ್ ತಂದೆವು. ಪುಡಿ ಮಾಡಿಸುವಾಗ ಫಿನ್‌ಗೆ ಅಂತ ಹೇಳಿ. ನಾವು ಹೇಳಲಿಲ್ಲ, ತೀರಾ ನುಣ್ಣಗೆ ಮಾಡಿಕೊಟ್ಟರು, ಈಗ ನೀರು ಇಳಿಯುವುದೇ ಇಲ್ಲ.