ಸಿ ರಿಪೋರ್ಟ್ ಆದಮೇಲಿನ ಕಥೆ

ಆರೋಪಿ ಪತ್ತೆಯಾಗದೆ ಮುಚ್ಚಿದ ಕೇಸಿಗೆ ದಾವಣಗೆರೆ ಕೋರ್ಟ್ ಆವರಣದಲ್ಲಿ ಒಂದೇ ಮಾತು: ‘ಸಿ ರಿಪೋರ್ಟ್ ಹಾಕಿದ್ರು’. ಬ್ರಿಟಿಷರ ಕೋಲ್ಡ್ ಕೇಸ್ ಧಾರಾವಾಹಿ, ಅಂದರೆ ಮುಚ್ಚಿದ ಹಳೇ ಕೇಸನ್ನು ಮತ್ತೆ ಕೆದಕುವ ಕಥೆ, ಹೊರಡುವುದೇ ಅಲ್ಲಿಂದ.

ಅಲ್ಲಿನ ಐಟಿವಿ ಚಾನೆಲ್ಲಿನಲ್ಲಿ 2015ರಲ್ಲಿ ಬಂದ ‘ಅನ್‌ಫರ್ಗಾಟನ್’ ತಗೊಳ್ಳಿ. ಮೊದಲ ಸರಣಿ ಆರೇ ಕಂತು. ಲಂಡನ್ನಿನಲ್ಲಿ ಹಳೇ ಮನೆ ಕೆಡವುವಾಗ ನೆಲಮಾಳಿಗೆಯಲ್ಲಿ ಅಸ್ಥಿಪಂಜರ, 1976ರಲ್ಲಿ ಕಾಣೆಯಾದ ಹುಡುಗನದು. ಜೊತೆಗೊಂದು ಕಾರಿನ ಕೀಲಿ. ಅದರ ಜಾಡಿನಲ್ಲಿ ಡೈರಿ, ಡೈರಿಯಲ್ಲಿ ಹೆಸರುಗಳು. ಈ ನಡುವೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಿರುವ ನಾಲ್ಕು ಸಂಸಾರಗಳನ್ನು ಮೊದಲ ಕಂತಿನಿಂದಲೇ ತೋರಿಸುತ್ತಾರೆ. ಹೊಸಬರು ಎಡವುವುದು ಇಲ್ಲೇ. ‘ಇವರೆಲ್ಲ ಯಾರಪ್ಪಾ’ ಅಂತ ಅರ್ಧಕ್ಕೆ ಬಿಡುತ್ತಾರೆ. ಒಂದು ಚೀಟಿಯಲ್ಲಿ ಹೆಸರು, ಈಗಿನ ಕೆಲಸ, 1976ರಲ್ಲಿ ಅವರ ವಯಸ್ಸು ಬರೆದಿಟ್ಟುಕೊಳ್ಳಿ. ಮಜಾ ಇರುವುದು ಮೂರನೇ ಕಾಲಮ್ಮಿನಲ್ಲಿ. ಈಗ ಊರಿಗೆ ದೊಡ್ಡ ಮನುಷ್ಯ, ಆಗ ಮೀಸೆ ಚಿಗುರಿದ ಹುಡುಗ. ನಡುವಿನ ಸುಮಾರು ನಲವತ್ತು ವರ್ಷ ಹೆಂಡತಿ ಮಕ್ಕಳ ಮುಂದೆ ಹೇಗೆ ಉಂಡ, ಹೇಗೆ ಮಲಗಿದ ಅನ್ನುವುದೇ ನೋಡಿಸಿಕೊಂಡು ಹೋಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಬೇಡ. ಒಂದೇ ರಾತ್ರಿಗೆ ಆರೂ ಕಂತು ಮುಗಿಸಿದರೆ ಹೆಸರುಗಳು ಕಲಸಿಹೋಗುತ್ತವೆ, ದಿನಕ್ಕೆರಡು ಸಾಕು.

ನೆಲಮಾಳಿಗೆ ಆರಿಸಿದ್ದು ಜಾಣತನ. ಅಲ್ಲಿ ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ಅದೇ ನಮ್ಮ ಕಡೆಯ ಎರೆ ಹೊಲವಾಗಿದ್ದರೆ? ಬೇಸಿಗೆಯಲ್ಲಿ ಮೊಣಕೈವರೆಗೆ ತೋಳು ಇಳಿಯುವಷ್ಟು ನೆಲ ಬಿರಿಯುತ್ತದೆ. ಮೇಲಿದ್ದ ನಾಣ್ಯ, ಅಂಗಿ ಗುಂಡಿ ಒಳಗೆ ಜಾರುತ್ತವೆ. ಮಳೆ ಬಿದ್ದಾಗ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ. ಹಾಗಾಗಿ ಮೂಳೆ ಪಕ್ಕ ಹೋದ ವರ್ಷದ ನಾಣ್ಯ ಸಿಕ್ಕರೂ ಹೂತದ್ದು ಹೋದ ವರ್ಷ ಅನ್ನುವಂತಿಲ್ಲ. ಕಾರಿನ ಕೀಲಿಯಂಥ ಸುಳಿವು ಇಲ್ಲಿ ಅಷ್ಟು ಸಲೀಸಲ್ಲ. ವಯಸ್ಸಿಗೆ ಮೂಳೆಯನ್ನೇ ಕೇಳಬೇಕು: ಕಾಲರ್ ಬೋನಿನ ಎದೆ ಕಡೆಯ ತುದಿ ಪೂರ್ತಿ ಬೆಸೆಯುವುದು ಮೂವತ್ತರ ಆಸುಪಾಸಿಗೆ. ಅದು ಇನ್ನೂ ಬೆಸೆದಿಲ್ಲ ಅಂದರೆ ಸತ್ತವರು ಎಳೆ ವಯಸ್ಸಿನವರು.

‘ವೇಕಿಂಗ್ ದಿ ಡೆಡ್’ (2000–2011) ಲ್ಯಾಬ್ ಪ್ರಿಯರಿಗೆ. ನಿವೃತ್ತ ಪೊಲೀಸರ ‘ನ್ಯೂ ಟ್ರಿಕ್ಸ್’ (2003–2015) ನಗುನಗುತ್ತಾ ನೋಡುವಂಥದ್ದು. ಡಿಎನ್‌ಎ ವರದಿ ಮಾತ್ರ ಎಲ್ಲದರಲ್ಲೂ ಬಿಸಿ ಇಡ್ಲಿಯಂತೆ ಬಂದುಬಿಡುತ್ತದೆ, ಅಷ್ಟು ಬೇಗ ಬರುತ್ತದೆ ಅಂತ ನಂಬಬೇಡಿ.

ಕೊನೆಯ ಕಂತಿನ ವಿಚಾರಣಾ ಕೊಠಡಿಯನ್ನೂ ಇಲ್ಲಿಗೆ ಹೊಂದಿಸಬೇಡಿ. ಅಲ್ಲಿ ವಕೀಲರನ್ನು ಪಕ್ಕ ಕೂರಿಸಿ ರೆಕಾರ್ಡ್ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಪೊಲೀಸರೆದುರು ‘ನಾನೇ ಕೊಂದೆ’ ಅಂದರೂ ಅದು ಸಾಕ್ಷ್ಯವಲ್ಲ. ಆ ಮಾತಿನಿಂದ ಏನಾದರೂ ವಸ್ತು ಸಿಕ್ಕರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಅದಕ್ಕೇ ಇಲ್ಲಿ ಆರೋಪಿ ಬಾಯಿಬಿಟ್ಟ ಕೂಡಲೇ ಪಂಚರನ್ನು, ಅಂದರೆ ವಸ್ತು ಸಿಕ್ಕಿದ್ದಕ್ಕೆ ಸಾಕ್ಷಿಯಾಗುವವರನ್ನು, ಜೀಪಿಗೆ ಹತ್ತಿಸಿಕೊಂಡು ಹೊಲಕ್ಕೆ ಹೊರಡುವುದು.