ಝಡ್ ಡ್ರೈವ್ ಮೇಲೆ ಕೆಂಪು ಇಂಟು ಮಾರ್ಕ್ ಬಂದರೆ

ಸಣ್ಣ ಆಫೀಸುಗಳಲ್ಲಿ ಸರ್ವರ್ ಅಂತ ಬೇರೆ ಇರುವುದು ಕಡಿಮೆ. ಯಾರದೋ ಟೇಬಲ್ ಮೇಲಿರುವ ಕಂಪ್ಯೂಟರಿನ ಒಂದು ಫೋಲ್ಡರ್ ಶೇರ್ ಮಾಡಿ, ಉಳಿದ ನಾಲ್ಕೈದು ಕಂಪ್ಯೂಟರಿನಲ್ಲಿ ಅದನ್ನೇ ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿಕೊಂಡಿರುತ್ತಾರೆ. ಟ್ಯಾಲಿ ಡೇಟಾ, ಎಕ್ಸೆಲ್ ಫೈಲು, ಸ್ಕ್ಯಾನ್ ಮಾಡಿದ ಬಿಲ್ಲು, ಎಲ್ಲಾ ಅಲ್ಲೇ. ಅದು ಕೈಕೊಟ್ಟರೆ ಇಡೀ ಆಫೀಸಿನ ಕೆಲಸ ನಿಂತಂತೆ. ಆಗ ಎಲ್ಲರೂ ಮಾಡುವುದು ಡ್ರೈವ್ ತೆಗೆದು ಮತ್ತೆ ಮ್ಯಾಪ್ ಮಾಡುವುದು. ಅವತ್ತಿಗೆ ಸರಿಹೋಗುತ್ತದೆ, ಮಾರನೇ ದಿನ ಮತ್ತೆ ಅದೇ ಗೋಳು.

ಅದಕ್ಕೇ ನಾನು ಸೆಟ್ಟಿಂಗ್ ಮುಟ್ಟುವ ಮೊದಲು ಕೇಳುವುದು, ಡ್ರೈವ್ ಹೋಗುವುದು ಯಾವಾಗ ಅಂತ. ಬೆಳಿಗ್ಗೆ ಆನ್ ಮಾಡಿದ ತಕ್ಷಣವಾ, ಊಟ ಮಾಡಿ ಬಂದ ಮೇಲಾ, ಕೆಲಸದ ಮಧ್ಯದಲ್ಲಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಊಟದ ನಂತರ ಅಂದರೆ ಬಹುತೇಕ ಇದು ವಿಂಡೋಸಿನ ಮಾಮೂಲಿ ನಡವಳಿಕೆ. 15 ನಿಮಿಷ ಯಾರೂ ಬಳಸದಿದ್ದರೆ ಶೇರ್ ಮಾಡುವ ಕಂಪ್ಯೂಟರ್ ಸಂಪರ್ಕವನ್ನು ಬಿಟ್ಟುಬಿಡುತ್ತದೆ. ಇಂಟು ಮಾರ್ಕ್ ಇದ್ದರೂ ಡಬಲ್ ಕ್ಲಿಕ್ ಮಾಡಿ ನೋಡಿ, ತೆರೆದುಕೊಂಡರೆ ಏನೂ ಕೆಟ್ಟಿಲ್ಲ. ಆದರೆ ಕೆಲವು ಸಾಫ್ಟ್‌ವೇರ್‌ಗಳು ಅಷ್ಟು ಕಾಯುವುದಿಲ್ಲ, ಎರರ್ ಕೊಡುತ್ತವೆ. ಆಗ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘net config server /autodisconnect:-1’ ಕಮಾಂಡ್ ಕೊಟ್ಟರೆ ಆ ಗಡುವು ಹೋಗುತ್ತದೆ. ಇದನ್ನು ಕೊಡಬೇಕಾದ್ದು ಶೇರ್ ಮಾಡುವ ಕಂಪ್ಯೂಟರಿನಲ್ಲಿ. ಇಂಟು ಮಾರ್ಕ್ ಕಾಣುವ ಕಂಪ್ಯೂಟರಿನಲ್ಲಿ ಎಷ್ಟು ಸಲ ಕೊಟ್ಟರೂ ಪ್ರಯೋಜನವಿಲ್ಲ. ಹಾಗೇ ಶೇರ್ ಮಾಡುವ ಕಂಪ್ಯೂಟರ್ ಸ್ಲೀಪ್‌ಗೆ ಹೋಗುತ್ತಿದೆಯಾ ನೋಡಿ. ಅದರ ಮುಂದೆ ಕೂರುವವರು ರಜೆ ಹಾಕಿದ ದಿನವೇ ಝಡ್ ಡ್ರೈವ್ ಮಾಯವಾಗುತ್ತಿದ್ದರೆ ಕಾರಣ ಇದೇ, ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ‘ನೆವರ್’ ಇಡಿ.

ಬೆಳಿಗ್ಗೆ ಮಾತ್ರ ಬರುವ ತೊಂದರೆಗೆ ವೈಫೈ ಕಾರಣ ಇರಬಹುದು. ಲಾಗಿನ್ ಮೊದಲೇ ಆಗಿಬಿಡುತ್ತದೆ, ನೆಟ್‌ವರ್ಕ್ ಆಮೇಲೆ ಸಿಗುತ್ತದೆ. ಶೇರ್ ಬಳಸುವ ಡೆಸ್ಕ್‌ಟಾಪಿಗೆ ಕೇಬಲ್ ಎಳೆಯಿರಿ, ಅದಕ್ಕಿಂತ ಒಳ್ಳೆ ಪರಿಹಾರ ಇಲ್ಲ.

ಕೆಲಸದ ಮಧ್ಯೆ ಹೋಗುವುದೇ ನಿಜವಾಗಿ ಅಪಾಯದ್ದು, ತೆರೆದಿಟ್ಟ ಡೇಟಾ ಹಾಳಾಗಬಹುದು. ನಮ್ಮ ಕಡೆ ಇದಕ್ಕೆ ಜಾಸ್ತಿ ಕಾರಣ ಕರೆಂಟು. ಕಂಪ್ಯೂಟರ್‌ಗಳಿಗೆಲ್ಲ ಯುಪಿಎಸ್ ಇರುತ್ತದೆ, ಮೂಲೆಯಲ್ಲಿರುವ ನೆಟ್‌ವರ್ಕ್ ಸ್ವಿಚ್ಚು, ರೂಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿ! ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಸಾಕು, ಕಂಪ್ಯೂಟರ್ ಆರುವುದಿಲ್ಲ, ನೆಟ್‌ವರ್ಕ್ ಹೋಗುತ್ತದೆ. ದಯವಿಟ್ಟು ಅವೆರಡನ್ನೂ ಯುಪಿಎಸ್‌ಗೆ ಹಾಕಿಸಿ. ರೂಟರ್ ಮತ್ತೆ ಆನ್ ಆದ ಮೇಲೆ ಶೇರ್ ಕಂಪ್ಯೂಟರಿಗೆ ಬೇರೆ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರ್) ಕೊಡುವುದೂ ಉಂಟು. ಡ್ರೈವನ್ನು 192.168ರಿಂದ ಶುರುವಾಗುವ ಹಳೇ ನಂಬರಿಗೆ ಮ್ಯಾಪ್ ಮಾಡಿದ್ದರೆ ಆಗ ಎರರ್ 53 ಬರುತ್ತದೆ, ಅಂದರೆ ದಾರಿಯೇ ಸಿಗುತ್ತಿಲ್ಲ. ರೂಟರಿನಲ್ಲಿ ಆ ಕಂಪ್ಯೂಟರಿಗೆ ಯಾವಾಗಲೂ ಒಂದೇ ಐಪಿ ಸಿಗುವಂತೆ ರಿಸರ್ವ್ ಮಾಡಿದರೆ ಮುಗಿಯಿತು.

ಪಾಸ್‌ವರ್ಡ್ ಬದಲಿಸಿದ ಮೇಲೆ ಶುರುವಾದರೆ, ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಹಳೆಯದನ್ನು ಅಳಿಸಿ, ಹೊಸದು ಕೊಡಿ.

ಇನ್ನೊಂದು ವಿಷಯ ಹೇಳಲೇಬೇಕು. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದ ಮೇಲೆ, ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ತೆರೆಯುತ್ತಿದ್ದ ಹಳೇ ನ್ಯಾಸ್ (ನೆಟ್‌ವರ್ಕಿಗೆ ನೇರ ಜೋಡಿಸುವ ಹಾರ್ಡ್ ಡಿಸ್ಕ್ ಪೆಟ್ಟಿಗೆ) ಶೇರ್‌ಗಳು ಬಹಳ ಕಡೆ ನಿಂತುಹೋಗಿವೆ. ಆಗ ಯಾರಾದರೂ ಫೈಲ್ ಶೇರಿಂಗಿನ ತೀರಾ ಹಳೇ ವಿಧಾನವಾದ ಎಸ್‌ಎಂಬಿ 1 ಆನ್ ಮಾಡಿ ಅಂದರೆ ಕೇಳಬೇಡಿ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಹಬ್ಬಿದ್ದು ಅದರಲ್ಲಿದ್ದ ದೋಷದಿಂದಲೇ. ನ್ಯಾಸ್‌ನಲ್ಲಿ ಯೂಸರ್ ಮತ್ತು ಪಾಸ್‌ವರ್ಡ್ ಮಾಡಿ, ಎಸ್‌ಎಂಬಿ 2 ಅಥವಾ 3 ಆನ್ ಮಾಡಿ, ಆ ಯೂಸರ್ ಹೆಸರಿನಲ್ಲೇ ಡ್ರೈವ್ ಮ್ಯಾಪ್ ಮಾಡಿ. ಅದು ಎಸ್‌ಎಂಬಿ 1 ಬಿಟ್ಟು ಬೇರೇನೂ ತಿಳಿಯದಷ್ಟು ಹಳೇದಾಗಿದ್ದರೆ, ಡೇಟಾ ಎತ್ತಿಟ್ಟುಕೊಂಡು ಹೊಸದು ತರಿಸಿ.