ಅಂಚಿಗೆ ಅಂಕ, ಆಧಾರಕ್ಕೆ ಇಲ್ಲ

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯಿಂದ ಅಣ್ಣನ ಮಗಳು ತನ್ನ ಉಪ್ಪಿನ ಸತ್ಯಾಗ್ರಹದ ಪ್ರಾಜೆಕ್ಟಿನ ಫೋಟೊ ವಾಟ್ಸಾಪಿನಲ್ಲಿ ಕಳಿಸಿದ್ದಳು. ಗಾಂಧೀಜಿ, ದಂಡಿ, ಮಿನುಗುವ ಅಂಚು, ಮುತ್ತಿನಂಥ ಅಕ್ಷರ. ಇಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ನೋಡಿ ಕೇಳಿದ್ದು ಒಂದೇ: "ಚೆನ್ನಾಗಿದೆ. ಇದೆಲ್ಲ ಅವಳಿಗೆ ಯಾರು ಹೇಳಿದ್ದು?"

ನಮ್ಮಲ್ಲಿ ಅಂಚಿಗೆ ಅಂಕ ಸಿಗುತ್ತದೆ, ಈ ಪ್ರಶ್ನೆಗಿಲ್ಲ. ಬೇಸರ ಅದಕ್ಕೇ. ಅಂಕೋಲೆಯ ಮಗು ದಂಡಿಯವರೆಗೆ ಹೋಗಬೇಕಿಲ್ಲ. 1930ರ ಏಪ್ರಿಲ್‌ನಲ್ಲಿ ಅವಳ ಊರಲ್ಲೇ ಉಪ್ಪಿನ ಕಾಯ್ದೆ ಮುರಿದರು.

ಮೊದಲು ವಿಷಯ ಕಿರಿದಾಗಬೇಕು. 'ಸತ್ಯಾಗ್ರಹ' ಅಂದರೆ ಮುಗಿಯದ ಸಮುದ್ರ. 'ಅಂಕೋಲೆಯಲ್ಲಿ ಉಪ್ಪು ಮಾಡಿದ್ದೆಲ್ಲಿ, ಕೊಂಡವರು ಯಾರು' ಅಂದರೆ ಹುಡುಕಲು ದಾರಿ ಕಾಣುತ್ತದೆ.

ಹುಡುಕುವಾಗ ಹೆಚ್ಚಿನವರು ಎಡವುವುದು ನಮ್ಮ ಜಿಲ್ಲೆಯ ಆಡಳಿತದ ಚರಿತ್ರೆಯಲ್ಲಿ. 1862ರವರೆಗೆ ನಾವು ಮದ್ರಾಸ್ ಪ್ರಾಂತ್ಯದವರು, ಆಮೇಲೆ ಮುಂಬೈಯವರು, 1956ರಲ್ಲಿ ಮೈಸೂರು ರಾಜ್ಯ ಸೇರಿದೆವು. ಹಾಗಾಗಿ 1930ರ ಸರಕಾರಿ ಕಾಗದವನ್ನು ಬೆಂಗಳೂರಿನಲ್ಲಿ ಹುಡುಕಿ 'ಏನೂ ಇಲ್ಲ' ಅನ್ನಬಾರದು, ಮುಂಬೈ ಕಡೆ ನೋಡಬೇಕು. 1883ರಲ್ಲಿ ಅಚ್ಚಾದ ಬಾಂಬೆ ಪ್ರೆಸಿಡೆನ್ಸಿ ಗ್ಯಾಜೆಟಿಯರಿನ (ಜಿಲ್ಲೆಗಳ ಸರಕಾರಿ ಮಾಹಿತಿ ಪುಸ್ತಕದ) 15ನೇ ಸಂಪುಟ, ಎರಡು ಭಾಗ, ಪೂರ್ತಿ ನಮ್ಮ ಜಿಲ್ಲೆಯದೇ. ಅಂತರ್ಜಾಲದಲ್ಲಿ ಪುಕ್ಕಟೆ ಓದಬಹುದು. ಅದು 1930ಕ್ಕೆ ಸಾಕ್ಷಿಯಲ್ಲ, ಅದಕ್ಕೆ ಮುಂಚಿನ ಬದುಕಿಗೆ ಸಾಕ್ಷಿ. ಅದೂ ಆಳುವವರ ಕಣ್ಣಲ್ಲಿ ಕಂಡದ್ದು. ಅದರಲ್ಲಿ ಜಿಲ್ಲೆಯ ಹೆಸರು ಬರೀ 'ಕಾನರಾ'. ಇಂಗ್ಲಿಷಿನಲ್ಲಿ ಹುಡುಕುವಾಗ ಕಾರವಾರ, ಕಾನರಾ ಎರಡನ್ನೂ 'ಕೆ' ಹಾಕಿ ಒಮ್ಮೆ, 'ಸಿ' ಹಾಕಿ ಒಮ್ಮೆ ಹುಡುಕಿ. ಹಳೆಯ ಕಾಗದದಲ್ಲಿ ಹೊನ್ನಾವರ 'ಓನೋರ್' ಆಗಿರುತ್ತದೆ. ಸ್ಕ್ಯಾನ್ ಪ್ರತಿಯಲ್ಲಿ ಯಂತ್ರ ಅಕ್ಷರಗಳನ್ನು ತಪ್ಪಾಗಿ ಓದಿರುವುದೂ ಉಂಟು. ಸಿಗದಿದ್ದರೆ ಪುಸ್ತಕದ ಹಿಂದಿನ ಅಕಾರಾದಿ ಸೂಚಿ ತಿರುವಿ ಹಾಕಿ.

ಮೂರು ಜಾಲತಾಣ ಒಂದೇ ವಾಕ್ಯ ಹೇಳಿದರೆ ಅದು ಮೂರು ಆಧಾರವಲ್ಲ, ಒಂದರ ನಕಲು. ಒಂದು ಕಾಗದದಲ್ಲಿ ಒಂದೇ ಸಂಗತಿ ಬರೆಯಿರಿ: ಮೇಲ್ಗಡೆ ಪುಸ್ತಕ, ವರ್ಷ, ಪುಟ, ಅವರ ಮಾತಿಗೆ ಉದ್ಧರಣೆ ಚಿಹ್ನೆ, ನಿಮ್ಮ ಯೋಚನೆ ಬೇರೆ ಬಣ್ಣದ ಪೆನ್ನಿನಲ್ಲಿ. ಪುಟಸಂಖ್ಯೆ ಆಮೇಲೆ ಬರೆದರಾಯಿತು ಅಂತ ಬಿಟ್ಟರೆ ಮತ್ತೆ ಸಿಕ್ಕುವುದಿಲ್ಲ.

ಲೆಸ್ಟರಿನ ಈ ಹುಡುಗನಿಗಿಲ್ಲದ ಒಂದು ಭಾಗ್ಯ ಅಣ್ಣನ ಮಗಳಿಗಿದೆ: ಉಪ್ಪಿನ ಕಥೆ ಕೇಳುತ್ತ ಬೆಳೆದ ಅಜ್ಜಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರವೂ ದೂರವಿಲ್ಲ, ಉಪ್ಪಿನ ಮಡಿಯಲ್ಲಿ (ಪಾತಿಯಲ್ಲಿ) ನೀರು ಆರಿ ಉಪ್ಪು ಕೂರುವುದನ್ನು ಬೇಸಿಗೆಯಲ್ಲಿ ಕಣ್ಣಾರೆ ನೋಡಬಹುದು. ಅಜ್ಜಿಯನ್ನು "ಪೊಲೀಸರು ಹೊಡೆದರಾ?" ಅಂತ ಕೇಳಿದರೆ "ಹೌದು" ಅಂದುಬಿಡುತ್ತಾರೆ. "ಏನಾಯ್ತು ಅಜ್ಜಿ?" ಅನ್ನಬೇಕು. ಆಮೇಲೆ, "ಇದು ನೀನು ಕಂಡದ್ದೋ, ಕೇಳಿದ್ದೋ? ಯಾರ ಬಾಯಲ್ಲಿ?" ಇಸವಿ ನೆನಪಿಲ್ಲದಿದ್ದರೆ, ನಿನ್ನ ಮದುವೆಗೆ ಮುಂಚಿನದೋ ಆಮೇಲಿನದೋ ಅಂತ ಕೇಳಿ. ಒಪ್ಪಿದರೆ ಫೋನಿನಲ್ಲಿ ಧ್ವನಿ ಹಿಡಿದಿಟ್ಟು, ದಿನಾಂಕ, ಅಜ್ಜಿಯ ವಯಸ್ಸು ಬರೆದಿಡಿ. ಅಜ್ಜಿಯ ಮಾತೂ ಪುಸ್ತಕದ ಮಾತೂ ಬೇರೆಯಾದರೆ ಎರಡನ್ನೂ ಬರೆಯಿರಿ, ಅಳಿಸಬೇಡಿ.

ಶಾಲೆಯ ಅಕ್ಕೋರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಹತ್ತು ಅಂಕದ ಪ್ರಾಜೆಕ್ಟಿಗೆ ನಾಲ್ಕನ್ನು ಆಧಾರದ ಪುಟಕ್ಕೇ ಮೀಸಲಿಡಿ, ಮತ್ತು ಅದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ.